ಗೌಡರ ಗಾಡಿಗೆ ಎಷ್ಟು ಸಿಸಿ?

ಇಂಜಿನ್ನು ಅಂದ ಮೇಲೆ ಕೆಡುತ್ತದೆ, ಕೆಟ್ಟ ಮೇಲೆ ನನ್ನ ಹತ್ತಿರ ಬರುತ್ತದೆ, ನನ್ನ ಹತ್ತಿರ ಬಂದ ಮೇಲೆ ಊರಿಗೆ ಒಂದು ವಾರ ನಗೋದಕ್ಕೆ ಸಾಮಾನು ಸಿಗುತ್ತದೆ. ತಾಳವಾಡಿ ಬೆಟ್ಟದ ಮೇಲೆ ಸ್ಪ್ಯಾನರ್ ಹಿಡಿದೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಶಾಲೆಯ ಒಳಗೆ ಕಾಲಿಟ್ಟದ್ದು ಒಂದೇ ಸಲ, ಅದೂ ಮೇಷ್ಟ್ರ ಸೈಕಲ್ಲಿಗೆ ಪಂಕ್ಚರ್ ಹಾಕೋದಕ್ಕೆ. ಆದರೂ ಹೇಳುತ್ತೀನಿ, ಈ ಬೆಟ್ಟದಲ್ಲಿ ನನ್ನ ಕೈ ಮುಟ್ಟದ ಇಂಜಿನ್ನು ಅಂತ ಇದ್ದರೆ ಅದು ಮೇಲೆ ಹಾರಿಹೋದ ವಿಮಾನದ್ದು ಮಾತ್ರ. ಕೆಳಗಿಳಿದಿದ್ದರೆ ಅದನ್ನೂ ಬಿಚ್ಚುತ್ತಿದ್ದೆ.

ಫಾರಂನಲ್ಲಿ ಖಾಲಿ ಉಳಿದ ಜಾಗ

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ದೊಡ್ಡಗಾಜನೂರಿನ ಗೌಡರೊಬ್ಬರು ಮೈಸೂರು ಕಡೆ ಎಲ್ಲೋ ಹರಾಜಿನಲ್ಲಿ ಮಿಲಿಟರಿಯವರು ಬಿಟ್ಟ ಹಳೇ ಮೋಟಾರ್ ಬೈಕು ಕೊಂಡು ತಂದರು. ಅದಕ್ಕೆ ಹೆಸರಿಲ್ಲ, ನಂಬರಿಲ್ಲ, ಕಾಗದವಿಲ್ಲ. ಹಸಿರು ಬಣ್ಣ ಮಾತ್ರ ಇತ್ತು, ಅದೂ ಅಲ್ಲಲ್ಲಿ.

ಬೆಟ್ಟದ ಮೇಲೆ ಎಷ್ಟು ಓಡಿಸಿದರೂ ಕೇಳುವವರಿಲ್ಲ. ದಿಂಬಂ ಘಟ್ಟ ಇಳಿದು ಸತ್ಯಮಂಗಲಕ್ಕೆ ಹೋದರೆ ಪೊಲೀಸರು ಹಿಡಿಯುತ್ತಾರೆ. ಅದಕ್ಕೇ ಗೌಡರು ಕೆಳಗಿನ ಆರ್‌ಟಿಓ ಆಫೀಸಿನಿಂದ ಫಾರಂ ತರಿಸಿ, ಮೇಷ್ಟ್ರ ಕೈಲಿ ತುಂಬಿಸಿದರು. ಎಲ್ಲ ಆಯಿತು, ಒಂದು ಕಡೆ ಮೇಷ್ಟ್ರ ಪೆನ್ನು ನಿಂತಿತು: ಇಂಜಿನ್ನು ಎಷ್ಟು ಸಿಸಿ?

ಅದೇ ತಿಂಗಳು ತಾಳವಾಡಿಯಲ್ಲಿ ನನ್ನ ಅಂಗಡಿಯ ಎದುರಿಗೇ ಒಬ್ಬ ಸರ್ಟಿಫಿಕೇಟ್ ಮೆಕ್ಯಾನಿಕ್ ಅಂಗಡಿ ಇಟ್ಟಿದ್ದ. ಕೆಳಗಿನ ಊರವನು, ಐಟಿಐ ಓದಿದವನು. ಸರ್ಟಿಫಿಕೇಟಿಗೆ ಗಾಜು ಹಾಕಿಸಿ, ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚುತ್ತಿದ್ದ. ಗೌಡರು ಟೀ ಅಂಗಡಿಯಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಸಾರಿಬಿಟ್ಟರು: "ಈ ಸಿಸಿಯ ಯಾವನು ಸರಿಯಾಗಿ ಏಳ್ತಾನೋ, ನಮ್ಮನೆ ಟ್ರಾಕ್ಟ್ರು, ಜೀಪು, ಪಂಪ್‌ಸೆಟ್ಟು ಎಲ್ಲಾ ಅವನ ಕೈಗೆ. ಇನ್ನೊಬ್ಬ ಸೈಕಲ್ಲಿಗೆ ಗಾಳಿ ಒಡ್ಕೊಂಡು ಇರ್ಲಿ."

ಗೌಡರ ಗಾಡಿ ಎಲ್ಲಿ ನಿಲ್ಲುತ್ತದೋ ಸುತ್ತಲ ಹಳ್ಳಿಯ ಗಾಡಿಗಳೆಲ್ಲ ಅಲ್ಲೇ ನಿಲ್ಲುತ್ತವೆ. ಅದು ಹೋದರೆ ನನ್ನ ಅಂಗಡಿಗೆ ಬೀಗ. ಆದರೂ ಮೀಸೆ ಮೇಲಿನ ಕೈ ಇಳಿಸಲಿಲ್ಲ.

"ಸಿಸಿ ಅಂದ್ರೇನು ಅಂತ ಗೊತ್ತೇನ್ಲಾ ನಿಂಗೆ?" ಅಂದರು ಗೌಡರು.

"ಗೊತ್ತಿಲ್ದೆ ಏನು ಗೌಡ್ರೇ! ನಿಮ್ಮ ಗಾಡೀಲಿ ಅದು ಬಾಳಾ ಅದೆ!" ಅಂದೆ.

ಕಿವಿ ಲೆಕ್ಕ

ನನ್ನ ಕಿವಿಯ ವಿಷಯ ನಿಮಗೆ ಗೊತ್ತಿಲ್ಲ. ದಿಂಬಂನಲ್ಲಿ ಲಾರಿ ಗೇರು ಬದಲಿಸಿದರೆ ತಾಳವಾಡಿಯಲ್ಲಿ ಕೂತು ಡ್ರೈವರ್ ಹೊಸಬನೋ ಹಳಬನೋ ಹೇಳುತ್ತಿದ್ದೆ. ಒಂದು ಸಲ ಕಾಡಿನಲ್ಲಿ ಒಂಟಿ ಆನೆ ಘೀಳಿಟ್ಟಾಗ, ಎಡಗಡೆ ದವಡೆ ಹಲ್ಲು ನೋಯುತ್ತಾ ಇದೆ ಅಂದಿದ್ದೆ. ಬಾಯಿ ತೆಗೆದು ನೋಡಿದವರು ಯಾರೂ ಇಲ್ಲ, ತಪ್ಪು ಅಂದವರೂ ಇಲ್ಲ.

ಗೌಡರ ಹಟ್ಟಿಗೆ ಹೋಗಿ ಗಾಡಿ ಸ್ಟಾರ್ಟ್ ಮಾಡಿಸಿದೆ. ಕಣ್ಣು ಮುಚ್ಚಿ ಸೈಲೆನ್ಸರಿಗೆ ಕಿವಿ ಕೊಟ್ಟೆ. ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು, ಹೆಂಚಿನ ಮೇಲಿಂದ ಎರಡು ಕೋಳಿ ಬಿದ್ದವು. ಕಣ್ಣು ಬಿಟ್ಟು ತೀರ್ಪು ಕೊಟ್ಟೆ: "ಐನೂರು ಸಿಸಿ! ಒಂದು ಎಚ್ಚಿಲ್ಲ, ಒಂದು ಕಮ್ಮಿ ಇಲ್ಲ."

"ಸದ್ದಿನ ಮೇಲೇ ಏಳ್ಬುಡ್ತೀಯಾ?" ಅಂತ ಕೇಳಿದರು ಗೌಡರ ಹೆಂಡತಿ, ಮೊರದಲ್ಲಿ ರಾಗಿ ಕೇರುತ್ತಾ.

"ಏಳ್ದೆ ಏನಮ್ಮಾ! ಸದ್ದು ಎಷ್ಟೋ ಸಿಸಿ ಅಷ್ಟು."

"ಅಂಗಾದ್ರೆ ನಮ್ಮೆಜಮಾನ್ರ ಗೊರಕೆ ಎಷ್ಟು ಸಿಸಿ, ಏಳು ನೋಡ್ವಾ?"

ಗೌಡರು ನನ್ನ ಮುಖ ನೋಡಿದರು. ಐನೂರಕ್ಕಿಂತ ಕಮ್ಮಿ ಅಂದರೆ ಅಮ್ಮಾವ್ರಿಗೆ ಕೋಪ, ಹೆಚ್ಚು ಅಂದರೆ ಗೌಡರಿಗೆ ಕೋಪ. "ಅಮ್ಮಾ, ಬಿಚ್ಚಿ ನೋಡ್ದೆ ಏಳಾಕಾಗಲ್ಲ" ಅಂದೆ.

ಕಿವಿ ಲೆಕ್ಕ ಅಲ್ಲಿಗೆ ರದ್ದಾಯಿತು.

ಆಳಿಗೆ ಐವತ್ತು

ಮಾರನೇ ದಿನ ಇನ್ನೊಂದು ಉಪಾಯ ತೆಗೆದೆ. ಎತ್ತಿನ ಬಲ ತಿಳಿಯೋದು ಮೂಟೆ ಹೇರಿದಾಗ. ಗಾಡಿಯದ್ದೂ ಹಾಗೇ. ಒಬ್ಬ ಆಳಿಗೆ ಐವತ್ತು ಸಿಸಿ ಅಂತ ಇಟ್ಟುಕೊಂಡು, ಎಷ್ಟು ಜನರನ್ನು ಘಟ್ಟ ಹತ್ತಿಸುತ್ತದೋ ಅಷ್ಟು ಐವತ್ತು. ಐವತ್ತೇ ಯಾಕೆ ಅಂತ ಕೇಳಬೇಡಿ, ಆಗ ಯಾರೂ ಕೇಳಲಿಲ್ಲ.

ಪೊಲೀಸರು ಇರೋದು ಘಟ್ಟದ ಬುಡದಲ್ಲಿ. ನಾವು ದಿಂಬಂನಿಂದ ಮೂರೇ ತಿರುವು ಇಳಿದು ಗಾಡಿ ತಿರುಗಿಸಿಕೊಂಡೆವು. ಹ್ಯಾಂಡಲ್ ನನ್ನದು, ಟ್ಯಾಂಕಿನ ಮೇಲೆ ಗೌಡರ ಒಬ್ಬ ಆಳು, ಹಿಂದೆ ಗೌಡರು, ಅವರ ಹಿಂದೆ ಪಣಕಹಳ್ಳಿಯಿಂದ ಬಂದಿದ್ದ ಅವರ ಭಾವಮೈದ, ಅವನ ಹಿಂದೆ ಸ್ಟೆಪ್ನಿಯ ಹಾಗೆ ಇನ್ನೊಬ್ಬ ಆಳು. ಒಟ್ಟು ಐದು ಜನ.

ಮೊದಲನೇ ತಿರುವಿನಲ್ಲಿ ಗಾಡಿ ಕೆಮ್ಮಿತು, ಹಿಂದಿನ ಆಳು ಇಳಿದ. ಎರಡನೆಯದರಲ್ಲಿ ಭಾವಮೈದನೂ ಇಳಿದು ಅವನ ಜೊತೆ ತಳ್ಳುವುದಕ್ಕೆ ನಿಂತ. ಮೂರನೆಯದರಲ್ಲಿ ಗೌಡರೇ ಪಂಚೆ ಎತ್ತಿ ಕಟ್ಟಿ ಹೆಗಲು ಕೊಟ್ಟರು. ದಾರಿಯುದ್ದಕ್ಕೂ ಜಗಳ: ಇಳಿದವರನ್ನು ಲೆಕ್ಕದಿಂದ ಕಳೆಯಬೇಕೋ, ತಳ್ಳುವವರನ್ನು ಇನ್ನೊಮ್ಮೆ ಕಳೆಯಬೇಕೋ?

ಏದುಸಿರು ಬಿಡುತ್ತಾ ದಿಂಬಂ ತಲುಪಿದಾಗ ಟೀ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ಕೇಳಿದ: "ಅಲ್ಲ ಗೌಡ್ರೇ, ಗಾಡಿ ನಿಮ್ಮನ್ನ ಕರ್ಕೊಂಡು ಬಂತೋ, ನೀವು ಗಾಡಿಯ ಕರ್ಕೊಂಡು ಬಂದ್ರೋ? ಟೀ ಯಾರಿಗೆ ಕೊಡ್ಲಿ ಅಂತ ಕೇಳ್ದೆ."

ಹಸುವಿನ ಸೂಜಿ

ಕೊನೆಗೆ ದಾರಿ ತೋರಿಸಿದ್ದು ಒಂದು ಹಸು. ಗೌಡರ ಮನೆಯ ಹಸುವಿಗೆ ಇಂಜೆಕ್ಷನ್ ಹಾಕುವುದಕ್ಕೆ ದನದ ಆಸ್ಪತ್ರೆಯ ಕಾಂಪೌಂಡರ್ ಬಂದಿದ್ದ. ಕೊಳವೆಯಷ್ಟು ದಪ್ಪದ ಸಿರಿಂಜು, ಮೇಲೆ ಸಿಸಿಗೊಂದು ಗೀಟು. "ಐವತ್ತು ಸಿಸಿ" ಅಂದ.

ನಾನು ಅವನ ಕೈ ಹಿಡಿದುಕೊಂಡೆ. "ಯಾವ ಸಿಸಿ? ಗಾಡೀದಾ, ದನದ್ದಾ?"

"ಸಿಸಿ ಎಲ್ಲಾ ಒಂದೇ ಕಣಯ್ಯಾ. ಎಷ್ಟು ಇಡೀತದೆ ಅನ್ನೋ ಅಳತೆ. ಇಂಜಿನ್ನಲ್ಲಿ ಪಿಸ್ಟನ್ನು ತಳಕ್ಕೆ ಓದಾಗ ಮೇಲೆ ಎಷ್ಟು ಜಾಗ ಬುಡ್ತದೋ ಅಷ್ಟು."

ಇಷ್ಟೇನಾ! ಪಾವಿನಲ್ಲಿ ರಾಗಿ ಅಳೆಯುವ ಊರು ನಮ್ಮದು, ಎಣ್ಣೆ ಅಳೆಯುವುದು ದೊಡ್ಡದಾ? ಸೂಜಿ ಇಸಿದುಕೊಂಡು, ಇಂಜಿನ್ನಿನ ತಲೆ ಬಿಚ್ಚಿ, ಪಿಸ್ಟನ್ ತಳಕ್ಕೆ ಇಳಿಸಿ, ಅಮ್ಮಾವ್ರ ಅಡಿಗೆಮನೆಯಿಂದ ರೇಷನ್ ಸೀಮೆಎಣ್ಣೆಯ ಡಬ್ಬ ತರಿಸಿದೆ. ರಾಗಿ ಅಳೆಯುವ ಹಾಗೇ ಮೊದಲನೆಯದಕ್ಕೆ "ಲಾಭ" ಅಂದು ಶುರು ಮಾಡಿದೆ. ಎರಡು, ಮೂರು, ನಾಲ್ಕು...

ಹತ್ತಾಯಿತು, ಐನೂರು. ಸಿಲಿಂಡರ್ ತುಂಬಲಿಲ್ಲ. "ನಾ ಏಳಿರ್ಲಿಲ್ವಾ!" ಅಂದೆ. ಇಪ್ಪತ್ತಾಯಿತು, ಸಾವಿರ. ಗೌಡರು ತಲೆಗೆ ಪೇಟ ಸುತ್ತಿಕೊಂಡು ನಿಂತರು. ಮೂವತ್ತಾಯಿತು. "ನಮ್ಮ ಜೀಪಿಗಿಂತ ದೊಡ್ಡ ಇಂಜಿನ್ನು ಕಣ್ಲಾ ಇದು!" ಅಂತ ಪೇಟ ಸರಿಮಾಡಿಕೊಂಡರು.

ಅಷ್ಟರಲ್ಲಿ ಅಮ್ಮಾವ್ರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ಗಾಡಿಯ ಕೆಳಗೆ ಬೊಟ್ಟು ಮಾಡಿದರು. ಸವೆದ ಪಿಸ್ಟನ್ ರಿಂಗಿನ ಸಂದಿಯಲ್ಲಿ ನುಸುಳಿ ಇಂಜಿನ್ನಿನ ಹೊಟ್ಟೆ ತುಂಬಿಸಿದ ಸೀಮೆಎಣ್ಣೆ, ಅಂಗಳ ದಾಟಿ ತಿಪ್ಪೆಯ ಕಡೆ ಹರಿದು ಹೋಗುತ್ತಿತ್ತು.

"ನಿಲ್ಲಿಸ್ಬೇಡಪ್ಪಾ, ಉಯ್ಯಿ" ಅಂದರು ಅಮ್ಮಾವ್ರು. "ತಿಪ್ಪೆ ಎಷ್ಟು ಸಿಸಿ ಅನ್ನೋದೂ ಗೊತ್ತಾಗ್ಬುಡ್ಲಿ."

ಮೂರು ಲಕ್ಷ

ಇಬ್ಬರೂ ಊರ ಮುಂದೆ ಸಿಸಿ ಹೇಳಬೇಕು ಅಂತ ಗೌಡರು ಗೊತ್ತುಮಾಡಿದ್ದ ಪಂದ್ಯದ ದಿನ ಬಂತು. ಈ ಸಲ ನಾನು ಹರಳೆಣ್ಣೆ ತಂದಿದ್ದೆ. ಅದು ಅಂಟು, ಅವಸರಕ್ಕೆ ಸೋರುವುದಿಲ್ಲ. ಹಟ್ಟಿಯ ತುಂಬ ಜನ. ಆರು ಸೂಜಿ ಪೂರ್ತಿ ಇಳಿಯಿತು, ಮುನ್ನೂರು. ಏಳನೆಯದರಲ್ಲಿ ನಾಲ್ಕು ಗೀಟು ಉಳಿದಾಗ ಸಿಲಿಂಡರ್ ಅಂಚಿಗೆ ಬಂತು.

"ಮುನ್ನೂರ ನಲವತ್ತಾರು!"

"ಒಂಚೂರು ಕೊಸರು ಆಕಪ್ಪಾ, ಸಂತೇಲಿ ಅವರೆಕಾಳಿಗೇ ಆಕ್ತಾರೆ" ಅಂದ ಒಬ್ಬ ಮುದುಕ.

ಸರ್ಟಿಫಿಕೇಟ್ ಮೆಕ್ಯಾನಿಕ್ ಎಣ್ಣೆ ಮುಟ್ಟಲಿಲ್ಲ. ಕಚ್ಚುವ ಅಳತೆಗೋಲು ತೆಗೆದು ಸಿಲಿಂಡರಿನ ಅಗಲ ಹಿಡಿದ, ಎಪ್ಪತ್ತು ಮಿಲಿಮೀಟರ್. ಪಿಸ್ಟನ್ ಏರಿಳಿಯುವ ಉದ್ದ ತೊಂಬತ್ತು. ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಗಲವನ್ನು ಅಗಲದಿಂದ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, ಅದಕ್ಕೆ ಇನ್ನೇನೋ ಚುಕ್ಕಿಯ ಲೆಕ್ಕ ಸೇರಿಸಿದ. ಅಷ್ಟು ಜನರ ಮುಂದೆ ಅವಸರದಲ್ಲಿ ಎರಡು ಸಲ ಅಳಿಸಿ ಬರೆದ. ಕೊನೆಗೆ ಕೆಳಗೆ ಎರಡು ಗೀಟು ಎಳೆದು ಓದಿದ: "ಮೂರು ಲಕ್ಷದ ನಲವತ್ತಾರು ಸಾವಿರದ ನೂರ ಎಂಬತ್ತೈದು!"

ಹಟ್ಟಿಯ ತುಂಬ ಒಂದೇ ಕೂಗು. ಮೂರು ಲಕ್ಷ! ಒಬ್ಬ ಗಾಡಿಗೆ ಕೈಮುಗಿದ.

"ಗೌಡ್ರೇ, ಎಣ್ಣೆ ಕಣ್ಣೆದುರಿಗೇ ಅದೆಯಲ್ಲಾ!" ಅಂದೆ.

"ಸುಮ್ಕಿರ್ಲಾ. ನೀನು ಮುನ್ನೂರು ಅಂತೀಯೆ, ಅವರು ಮೂರು ಲಕ್ಷ ಕೊಡ್ತಾವ್ರೆ. ನಮ್ಮ ಗಾಡಿ ಮ್ಯಾಲೆ ಯಾರಿಗೆ ಅಭಿಮಾನ ಅದೆ ಅಂತ ಊರೇ ನೋಡ್ತು!" ಅಂದುಬಿಟ್ಟರು ಗೌಡರು. ಮೇಷ್ಟ್ರು ರಜದ ಮೇಲೆ ಊರಿಗೆ ಹೋಗಿದ್ದರು. ಮೆಕ್ಯಾನಿಕ್ಕೇ ಮೂರು ಲಕ್ಷ ಚಿಲ್ಲರೆಯನ್ನು ಫಾರಂನಲ್ಲಿ ಬರೆದ. ಗೌಡರು ಬಸ್ಸು ಹತ್ತಿದರು. ನಾನು ಅಂಗಡಿಗೆ ಬಂದು ಸೈಕಲ್ ಪಂಪು ಒರೆಸಿ ಇಟ್ಟುಕೊಂಡೆ.

ಮಾರನೇ ದಿನ ಸಂಜೆ ಬಸ್ಸಿಳಿದ ಗೌಡರು ನೆಟ್ಟಗೆ ನನ್ನ ಅಂಗಡಿಗೇ ಬಂದರು. ಫಾರಂ ಮುಂದಿಟ್ಟರು. ಕೊನೆಯ ಮೂರಂಕಿಯ ಮೇಲೆ ಕೆಂಪು ಗೀಟು. ಉಳಿದದ್ದು ಮುನ್ನೂರ ನಲವತ್ತಾರು!

"ಆಫೀಸ್ನಲ್ಲಿ ತಮಿಳು ಗುಮಾಸ್ತ ನಕ್ಕೂ ನಕ್ಕೂ ಕನ್ನಡಕ ತೆಗೆದು ಒರೆಸ್ಕೊಂಡ ಕಣ್ಲಾ" ಅಂದರು. "'ಗೌಂಡರೇ, ಇದು ಮೋಟಾರ್ ಬೈಕಾ, ಭವಾನಿಸಾಗರ್ ಡ್ಯಾಮಾ?' ಅಂತ ಕೇಳ್ಬುಟ್ಟ. ಮಿಲಿಮೀಟರಿನ ಲೆಕ್ಕಕ್ಕೆ ಕೊನೇ ಮೂರಂಕಿ ಒಡೆದಾಕ್ಬೇಕಂತೆ. ನಾಳೆಯಿಂದ ಟ್ರಾಕ್ಟ್ರು, ಜೀಪು ಎಲ್ಲಾ ನಿಂದೇ."

ಎದುರು ಅಂಗಡಿಯವನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಮುಖ ಇಷ್ಟೇ ಇಷ್ಟು ಆಗಿತ್ತು. ನನಗೂ ಕರುಳು ಇದೆ. ಕರೆದು ಹೇಳಿದೆ: "ಬಾರಪ್ಪಾ, ಒಂದೇ ಅಂಗಡಿ ಮಾಡ್ವಾ. ಲೆಕ್ಕ ನೀನು ಆಕು, ಕೊನೇ ಮೂರಂಕಿ ನಾನು ಒಡೀತೀನಿ."

ಸರಿಯಾಗಿಯೇ ನಡೆಯಿತು, ಒಂದು ದಿನ. ಎರಡನೇ ದಿನ ಪಣಕಹಳ್ಳಿಯ ರೈತನೊಬ್ಬ ಹಳೇ ಮೊಪೆಡ್ ತಳ್ಳಿಕೊಂಡು ಬಂದ, ಅವನಿಗೂ ಸಿಸಿ ಬೇಕಂತೆ. ನಮ್ಮ ಸರ್ಟಿಫಿಕೇಟು ಈ ಸಲ ಹುಷಾರಾಗಿ ಸೆಂಟಿಮೀಟರಿನಲ್ಲೇ ಅಳೆದು, ಗೋಡೆಯ ಮೇಲೆ ನಲವತ್ತೊಂಬತ್ತು ಅಂತ ಬರೆದು ಟೀ ಕುಡಿಯಲು ಹೋದ. ನನಗೆ ಹೇಳಲಿಲ್ಲ. ನಾನು ಮಾತಿಗೆ ತಪ್ಪುವವನಲ್ಲ, ಸೀಮೆಸುಣ್ಣ ಹಿಡಿದು ಒಂಬತ್ತು ಹೊಡೆದೆ, ನಾಲ್ಕು ಹೊಡೆದೆ, ಮೂರನೆಯದಕ್ಕೆ ಗೋಡೆಯೆಲ್ಲ ಹುಡುಕಿದೆ.

ರೈತ ಪಾಪ, ಟವೆಲ್ ಹೆಗಲಿಂದ ಇಳಿಸಿ ಕೈಕಟ್ಟಿ ನಿಂತು ಕೇಳಿದ: "ಒಂದಂಕಿ ಕಮ್ಮಿ ಬಿದ್ದದೆ ಅಲ್ವಾ ಅಣ್ಣಾ? ಊರಿಂದ ತಂದ್ಕೊಡ್ತೀನಿ, ನಾಳೆ ಅಂಗಡಿ ತೆಗ್ದಿರ್ತೀರಾ?"