ನಾಲ್ಕನೇ ಕೋಣೆಯ ಫ್ಯಾನಿಗೆ ಎಣ್ಣೆ

ಬೇರೆಯವರ ನಿದ್ದೆ ಕಾಯುವುದೇ ನೌಕರಿಯಾದವನ ಎದುರು ಕೆಳಗಿನಂಥ ಪ್ರಸಂಗಗಳು ವಾರಕ್ಕೊಂದಾದರೂ ನಡೆಯುತ್ತವೆ. ನಡೆಯದ ವಾರ ನಾನು ರಜೆಯಲ್ಲಿದ್ದೆ ಎಂದೇ ತಿಳಿಯಬೇಕು.

ನಾನು ನಾಗಪುರದ ಒಂದು ರನ್ನಿಂಗ್ ರೂಮಿನ ಉಸ್ತುವಾರಿ. ಹೊರಗಿನ ಊರುಗಳಿಂದ ರೈಲು ಓಡಿಸಿಕೊಂಡು ಬಂದ ಡ್ರೈವರುಗಳು, ಮುಂದಿನ ಗಾಡಿ ಸಿಗುವವರೆಗೆ ಉಂಡು ಮಲಗುವ ಜಾಗ ಅದು. ಕಾಗದದ ಮೇಲೆ ಅವರೀಗ ಲೋಕೋ ಪೈಲಟ್ಟುಗಳು, ನಮ್ಮ ಬಾಯಲ್ಲಿ ಇನ್ನೂ ಡ್ರೈವರುಗಳೇ. ಹುಬ್ಬಳ್ಳಿಯ ಯಾರ್ಡಿಗೆ ಅಂಟಿಕೊಂಡ ಕ್ವಾರ್ಟರ್ಸಿನಲ್ಲಿ ಇಪ್ಪತ್ತಾರು ವರ್ಷ ಕಳೆದು, ಹೋದ ಏಪ್ರಿಲ್‌ನಲ್ಲಿ ವರ್ಗವಾಗಿ ಇಲ್ಲಿಗೆ ಬಂದೆ. ಲಕ್ಷ್ಮೀ ನಗರದ ಒಳರಸ್ತೆಯಲ್ಲಿ ಬಾಡಿಗೆ ಮನೆ ಹಿಡಿದೆವು. ಎಲೆ ಬಿದ್ದರೂ ಕೇಳಿಸುವಂಥ ಓಣಿ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಬೆರಗಾದೆ. ಬೆಳಿಗ್ಗೆ ಹತ್ತು ಗಂಟೆ, ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಇಟಾರಸಿಯಿಂದ ಬಂದಿದ್ದ ಬಿಳಿ ಮೀಸೆಯ ಹಿರಿಯ ಡ್ರೈವರೊಬ್ಬರು ಬೂಟು ಬಿಚ್ಚಿ, ತಮ್ಮದೇ ಚಾದರ ಹಾಸಿ, "ಸಾಹೇಬ್, ಚಾರ್ ಬಜೇ ಕಾ ಕಾಲ್ ಹೈ" ಎಂದರು. ಕಾಲ್ ಎಂದರೆ ಡ್ಯೂಟಿಗೆ ಬಾ ಎಂದು ಎಬ್ಬಿಸುವುದು. ನಾನು "ಠೀಕ್ ಹೈ" ಎನ್ನುವಷ್ಟರಲ್ಲಿ ಅವರು ನಿದ್ದೆಹೋಗಿದ್ದರು. ನಾಲ್ಕಕ್ಕೆ ಎಬ್ಬಿಸಲು ಹೋದರೆ ಮುಖ ತೊಳೆದು, ತಲೆ ಬಾಚಿ ಕೂತಿದ್ದರು. ಅಲಾರಂ ಇಲ್ಲ, ಫೋನು ಆಫ್. ಈ ದೇಹದೊಳಗೆ ಗಡಿಯಾರ ಇಟ್ಟವರು ಯಾರೋ ಎಂದು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಸಾವಿರಾರು ಜನ ಯಾರನ್ನು ನಂಬಿ ಬರ್ತಿನಲ್ಲಿ ಮಲಗುತ್ತಾರೋ, ಅವರು ನನ್ನನ್ನು ನಂಬಿ ಇಲ್ಲಿ ಮಲಗುತ್ತಾರೆ.

ಆ ನಂಬಿಕೆಗೆ ತಕ್ಕಂತೆ ನಡೆಯಬೇಕು ಎಂದುಕೊಂಡೆ. ನಿದ್ದೆ ಎಂದರೆ ನಿಶ್ಶಬ್ದ ಎಂಬುದು ನನ್ನ ಸಿದ್ಧಾಂತ. ಗೋಡೆಗೋಡೆಗೂ "ಶಾಂತಿ ಕಾಪಾಡಿ" ಬೋರ್ಡು ಹಾಕಿಸಿದೆ, ಕುರ್ಚಿಯ ಕಾಲುಗಳಿಗೆ ಬಟ್ಟೆ ಸುತ್ತಿಸಿದೆ, ಅಡುಗೆಯವನಿಗೆ ಕಟ್ಟಿಗೆಯ ಸೌಟು ಕೊಡಿಸಿದೆ. ಅರವತ್ತು ಹಾಸಿಗೆಗಳ ನಿದ್ದೆಗೆ ನಾನು ಜವಾಬ್ದಾರ. ಕಷ್ಟ ಒಂದೇ. ಜುಲೈಯಿಂದ ನನಗೇ ನಿದ್ದೆ ಬರುವುದು ನಿಂತುಹೋಯಿತು.

೧. ಸರಿಯಾದ ಫ್ಯಾನು

ನಾಲ್ಕನೇ ಕೋಣೆಯ ಸೀಲಿಂಗ್ ಫ್ಯಾನು ಬಹಳ ಹಳೆಯದು. ಪ್ರತಿ ಸುತ್ತಿಗೂ "ಕಿಟ್ಟರ್ರ್... ಟಕ್" ಎನ್ನುತ್ತಿತ್ತು. ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಎಣ್ಣೆ ಹಾಕಿಸಿ, ಸ್ಕ್ರೂ ಬಿಗಿ ಮಾಡಿಸಿದೆ. ಫ್ಯಾನು ಮದುಮಗಳ ಹಾಗೆ ಸದ್ದಿಲ್ಲದೆ ತಿರುಗತೊಡಗಿತು.

ಮೂರನೇ ದಿನ ದೂರು ಪುಸ್ತಕ ತೆರೆದರೆ ನಾಲ್ಕನೇ ಕೋಣೆಯಿಂದ ಸಾಲಾಗಿ ದೂರು. ಮೊದಲನೆಯದು: "ಫ್ಯಾನು ಸದ್ದು ಮಾಡುತ್ತಿಲ್ಲ. ನಿದ್ದೆ ಬರುತ್ತಿಲ್ಲ." ಅದರ ಕೆಳಗೆ ಇನ್ನೊಬ್ಬರು: "ಮೇಲಿನ ದೂರು ನಿಜ." ಅದರ ಕೆಳಗೆ ಮತ್ತೊಬ್ಬರು ಬರೀ ಸಹಿ ಮಾಡಿ ಎರಡು ಗೆರೆ ಎಳೆದಿದ್ದರು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಬಿಳಿ ಮೀಸೆಯವರನ್ನು ಕೇಳಿದೆ. ಅವರು ನಗಲಿಲ್ಲ. "ಸಾಹೇಬ್, ನಮ್ಮ ಜನ್ಮವೆಲ್ಲ ಇಂಜಿನ್ನಿನ ಸದ್ದಿನಲ್ಲಿ ಕಳೆದಿದೆ. ಸದ್ದು ಇದ್ದರೆ ಎಲ್ಲ ಬರೋಬರ್ ಅಂತ ಅರ್ಥ. ಸದ್ದು ನಿಂತಿತು ಅಂದರೆ ಏನೋ ಕೆಟ್ಟಿದೆ ಅಂತ ಮೈ ಎಚ್ಚರವಾಗುತ್ತದೆ" ಎಂದರು. ಎಷ್ಟು ದಣಿದ ದೇಹವಾದರೂ ಒಂದು ಕಿವಿಯನ್ನು ಕಾವಲಿಗೆ ಬಿಟ್ಟು ಮಲಗುತ್ತದಂತೆ.

ಎಲೆಕ್ಟ್ರಿಷಿಯನ್‌ನನ್ನು ಮತ್ತೆ ಕರೆದೆ. ಇದ್ದ ಸದ್ದು ವಾಪಸ್ ತರಬೇಕಪ್ಪ ಎಂದರೆ, "ಬರವಣಿಗೆಯಲ್ಲಿ ಕೊಡಿ ಸಾಹೇಬ್, ಆಮೇಲೆ ನನ್ನ ಮೇಲೆ ಬರುತ್ತದೆ" ಎಂದ. ಬರೆದು ಕೊಟ್ಟೆ. ನನ್ನ ಸರ್ವೀಸಿನಲ್ಲಿ ನಾನು ಬರೆದ ಅತಿ ವಿಚಿತ್ರ ಪತ್ರ ಅದು: "ನಾಲ್ಕನೇ ಕೋಣೆಯ ಫ್ಯಾನು ಸರಿಯಾಗಿ ಕೆಲಸ ಮಾಡುತ್ತಿದೆ. ಕೂಡಲೇ ದುರಸ್ತಿ ಮಾಡಿ."

೨. ಮನೆಯಲ್ಲಿ ಎರಡು

ಅಕ್ಟೋಬರ್ ಹೊತ್ತಿಗೆ ನನ್ನ ಸ್ಥಿತಿ ಕೆಟ್ಟಿತ್ತು. ಸಣ್ಣದಕ್ಕೂ ಸಿಟ್ಟು. ಒಂದು ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂದು ಕೂಗಾಡಿದೆ, ಮರುಕ್ಷಣ ಕಣ್ಣಲ್ಲಿ ನೀರು ಬಂತು. ಹೆಂಡತಿ ತಟ್ಟೆ ಕೆಳಗಿಟ್ಟು, "ಇದು ಉಪ್ಪಿನ ಅಳು ಅಲ್ರೀ. ನಡೀರಿ ಡಾಕ್ಟರ್ ಕಡೆ" ಎಂದಳು.

ಡಾಕ್ಟರು ಬಿ.ಪಿ. ನೋಡಿದರು, ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ನೋಡಿದರು. "ದಿನಕ್ಕೆ ಎಷ್ಟು ಕಪ್ ಚಹಾ?"

"ಎರಡು" ಎಂದೆ.

"ಮನ್ಯಾಗ ಎರಡು" ಎಂದಳು ಹೆಂಡತಿ, ಛಾವಣಿ ನೋಡುತ್ತ.

ಡಾಕ್ಟರು ಪೆನ್ನು ಹಿಡಿದು ಕಾದರು. ನಾನು ಬಾಯಿ ಬಿಡಲೇಬೇಕಾಯಿತು. ನಮ್ಮಲ್ಲಿಗೆ ಬರುವ ಡ್ರೈವರುಗಳು ಚಹಾಪುಡಿಯಿಂದ ಹಿಡಿದು ಅಕ್ಕಿ ಬೇಳೆಯವರೆಗೆ ಮನೆಯಿಂದಲೇ ಕಟ್ಟಿಕೊಂಡು ಬರುತ್ತಾರೆ, ಅಡುಗೆಯವನು ಅವರವರದನ್ನು ಅವರವರಿಗೇ ಮಾಡಿಕೊಡುತ್ತಾನೆ. ಹಾಗಾಗಿ ಪ್ರತಿಯೊಬ್ಬರೂ "ಸಾಹೇಬ್, ನಮ್ಮ ಮನೆಯ ಚಹಾ ನೋಡಿ" ಎನ್ನುತ್ತಾರೆ. ಒಬ್ಬರದು ಕುಡಿದು ಇನ್ನೊಬ್ಬರದು ಬಿಟ್ಟರೆ ಅವರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಮನಸ್ಸಿಗೆ ಹಚ್ಚಿಕೊಂಡವರಿಗೆ ನಿದ್ದೆ ಬರುವುದಿಲ್ಲ. ಅವರ ನಿದ್ದೆಗೆ ನಾನು ಜವಾಬ್ದಾರ. ಬೆರಳು ಮಡಚಿ ಎಣಿಸಿದೆ. ಮನೆಯದೂ ಸೇರಿ ಹನ್ನೊಂದಾಯಿತು.

ಡಾಕ್ಟರು ಪೆನ್ನು ಕೆಳಗಿಟ್ಟರು. "ನಿಮಗೆ ನಿದ್ದೆ ಬರುವುದಿಲ್ಲ ಎಂಬುದು ಆಶ್ಚರ್ಯವಲ್ಲ. ನೀವು ಕುರ್ಚಿಯಲ್ಲಿ ಕೂತಿದ್ದೀರಲ್ಲ, ಅದು ಆಶ್ಚರ್ಯ."

ನಗಿಸಿ ಕಳಿಸಲಿಲ್ಲ ಅವರು. ಚಹಾ ಎರಡಕ್ಕೆ ಇಳಿಸಬೇಕು, ಫೋನು ಹಾಸಿಗೆಗೆ ತರಬಾರದು, ಫೆಬ್ರವರಿ ಮುಗಿದ ಮೇಲೂ ಬಿ.ಪಿ. ಇಳಿಯದಿದ್ದರೆ ಈ ಜವಾಬ್ದಾರಿಯಿಂದ ಬಿಡಿಸಿ ಫೈಲುಗಳ ವಿಭಾಗಕ್ಕೆ ಹಾಕಲು ಬರೆಯುತ್ತೇನೆ ಎಂದರು. ಫೈಲುಗಳು ಮಲಗುವುದನ್ನು ನೋಡುತ್ತ ಕೂರುವುದರಲ್ಲಿ ಯಾವ ಸುಖವಿದೆ?

೩. ಉಪನ್ಯಾಸದ ನಿಲುಗಡೆ

ನವೆಂಬರಿನಲ್ಲಿ ಡ್ರೈವರುಗಳಿಗೆ ನಿದ್ದೆ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಹೇಳಲು ಒಬ್ಬ ಆಪ್ತಸಮಾಲೋಚಕಿ ಬಂದರು. ಬೆಂಗಳೂರಿನ ಹುಡುಗಿ, ಕನ್ನಡ ಕೇಳಿದ ಕೂಡಲೇ ನನಗೆ ತವರಿನವರು ಬಂದಷ್ಟು ಖುಷಿ. ಬೆಳಿಗ್ಗೆ ಹನ್ನೊಂದಕ್ಕೆ ಹಾಲ್‌ನಲ್ಲಿ ನಲವತ್ತು ಜನರನ್ನು ಕೂರಿಸಿದೆ. ಪರದೆ ಎಳೆದು, ದೀಪ ಆರಿಸಿ, ಗೋಡೆಯ ಮೇಲೆ ಚಿತ್ರ ಬಿಟ್ಟು, ಆಕೆ ಅಚ್ಚುಕಟ್ಟಾದ ಹಿಂದಿಯಲ್ಲಿ ಶುರುಮಾಡಿದರು. ಎಂಥ ಧ್ವನಿ ಅದು. ಏರಿಲ್ಲ, ಇಳಿವಿಲ್ಲ, ಒಂದೇ ವೇಗ.

ಹತ್ತು ನಿಮಿಷಕ್ಕೆ ನಲವತ್ತು ತಲೆಗಳೂ ಒಂದೇ ಕಡೆಗೆ ವಾಲಿದ್ದವು. ಆಕೆ ಕೂಡ ಧೈರ್ಯವಂತೆ, ಇಪ್ಪತ್ತು ನಿಮಿಷ ಎಳೆದರು. ಕೊನೆಗೆ ತಡೆಯಲಾರದೆ ಮೈಕು ಕೆಳಗಿಟ್ಟು ನನ್ನತ್ತ ತಿರುಗಿ, "ಸರ್, ಎಲ್ರೂ ಮಲ್ಕೊಂಡುಬಿಟ್ರಲ್ಲ, ನಾನೇನ್ ಮಾಡ್ಲಿ?" ಎಂದರು. ಕಣ್ಣು ತುಂಬಿತ್ತು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಮ್. ನಾ ಒಬ್ಬ ಎದ್ದೇನಿ, ನಾ ಎಲ್ಲೆ ಹೋದ್ರೂ ಎದ್ದೇ ಇರ್ತೇನಿ" ಎಂದು ಸಮಾಧಾನ ಹೇಳಹೊರಟೆ. ಅಷ್ಟರಲ್ಲಿ ಆದದ್ದನ್ನು ನಾನು ಈಗಲೂ ನೆನೆದು ಬೆರಗಾಗುತ್ತೇನೆ. ಆಕೆಯ ಮಾತು ನಿಂತ ಕ್ಷಣಕ್ಕೆ ನಲವತ್ತು ಜನರೂ ಒಟ್ಟಿಗೆ ಕಣ್ಣು ಬಿಟ್ಟರು. ಯಾರೂ ಎಬ್ಬಿಸಿರಲಿಲ್ಲ. ಮುಂದಿನ ಸಾಲಿನ ಡ್ರೈವರು ನೆಟ್ಟಗೆ ಕೂತು, ಪಕ್ಕದ ಪರದೆ ಸರಿಸಿ ಹೊರಗೆ ಇಣುಕಿ, ಗಂಭೀರವಾಗಿ ಕೇಳಿದರು: "ಯಾವ ಸ್ಟೇಷನ್?"

೪. ಡಿಸೆಂಬರಿನ ಕೂಲರ್

ನನ್ನ ಹೆಂಡತಿಗೆ ಅಷ್ಟರಲ್ಲಿ ಒಂದು ಗುಮಾನಿ ಬಂದಿತ್ತು. "ಬ್ಯಾಸಗಿ ತುಂಬ ನೀವು ಚಲೋ ಮಲಗಿದ್ರಿ. ಜುಲೈದಾಗ ಮಾಲಕ್ತಿ ಕೂಲರ್ ತಗಿಸಿ ಅಟ್ಟಕ್ಕ ಹಾಕಿದ್ಲು. ನಿಮ್ಮ ನಿದ್ದೀನೂ ಅದರ ಜೋಡಿ ಅಟ್ಟಕ್ಕ ಹೋತು" ಎಂದಳು. ನಾಗಪುರದ ಕೂಲರನ್ನು ಕೇಳಿದವರಿಗೆ ಗೊತ್ತು, ಆಳೆತ್ತರದ ಆ ತಗಡಿನ ಪೆಟ್ಟಿಗೆ ಸುರುವಾದರೆ ಗೂಡ್ಸ್ ಗಾಡಿ ಮನೆಯೊಳಗೇ ಬಂದಂತೆ.

ನಾನು ಒಪ್ಪಲಿಲ್ಲ. "ನಿದ್ದಿ ಕಾಯೋದು ನನ್ನ ಡ್ಯೂಟಿ, ನನಗ ಕಲಿಸಬ್ಯಾಡ. ನಿದ್ದಿಗೆ ಶಾಂತಿ ಬೇಕು" ಎಂದು, ಗೋಡೆ ಗಡಿಯಾರದ ಸೆಲ್ಲನ್ನೂ ತೆಗೆದಿಟ್ಟೆ. ಫ್ಯಾನಿನ ಪಾಠ ಡ್ರೈವರುಗಳಿಗೆ, ನನಗಲ್ಲ ಎಂಬುದು ನನ್ನ ತಿಳಿವಳಿಕೆ.

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಅವಳೇ ಕೂಲರನ್ನು ಇಳಿಸಿ ತರಿಸಿ, ನೀರು ಹಾಕದೆ, ನನ್ನತ್ತ ಗಾಳಿ ಬರದಂತೆ ಗೋಡೆಗೆ ಮುಖ ಮಾಡಿ ಹಚ್ಚಿದಳು. ಸ್ವೆಟರ್ ಹಾಕಿಕೊಂಡು, ರಗ್ಗು ಹೊದ್ದು ಮಲಗಿದೆ. ಕಣ್ಣೆವೆ ಭಾರವಾಗುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕಿವಿಗೆ ಮಫ್ಲರ್ ಸುತ್ತಿಕೊಂಡ ಮನೆ ಮಾಲಕಿ ಗಾಬರಿಯಿಂದ ಒಳಗೆ ಬಂದು, "ಭಾವೂ, ತಬ್ಯೇತ್ ಬರೀ ಆಹೇ ನಾ?" ಎಂದು ಮರಾಠಿಯಲ್ಲಿ ನನ್ನ ಆರೋಗ್ಯ ವಿಚಾರಿಸುತ್ತ ಹಣೆ ಮುಟ್ಟಿ ನೋಡಿದರು. ಆರೋಗ್ಯವಂತನೊಬ್ಬ ಚಳಿಗಾಲದಲ್ಲಿ ಕೂಲರ್ ಹಚ್ಚುವುದನ್ನು ಅವರು ತಮ್ಮ ಆಯುಷ್ಯದಲ್ಲೇ ಕಂಡಿರಲಿಲ್ಲ. ನನ್ನ ಒಳ್ಳೆಯದಕ್ಕಾಗಿಯೇ ಅದನ್ನು ಅಲ್ಲಿಂದ ಹೊರಿಸಿಕೊಂಡು ಹೋದರು.

ಸಂಜೆಗೆ ಇಡೀ ಬಿಲ್ಡಿಂಗಿನಲ್ಲಿ ಕರ್ನಾಟಕದವರಿಗೆ ಡಿಸೆಂಬರಿನಲ್ಲೂ ಸೆಖೆಯಂತೆ ಎಂದು ಸುದ್ದಿ. ಹೆಂಡತಿ ಸುಮ್ಮನಿರದೆ ಹೋಗಿ, ಸೆಖೆಗಲ್ಲ, ಬರೀ ಸದ್ದು ಕೇಳಲಿಕ್ಕೆ ಹಚ್ಚಿದ್ದು ಎಂದು ಬಿಡಿಸಿ ಹೇಳಿ ಬಂದಳು. ಮರುದಿನದಿಂದ ಮೆಟ್ಟಿಲಲ್ಲಿ ಎದುರಾದವರೆಲ್ಲ ನನ್ನ ಜೊತೆ ಮೆಲ್ಲಗೆ, ಮಗುವಿನ ಜೊತೆ ಮಾತಾಡುವಂತೆ ಮಾತಾಡತೊಡಗಿದರು.

"ಸೆಖಿ ಅಂದಿದ್ರನ ಚಲೋ ಇತ್ತು" ಎಂದಳು ಹೆಂಡತಿ.

೫. ನಾಲ್ಕು ಗಂಟೆಯ ಕಾಲ್

ಫೆಬ್ರವರಿ ಮುಗಿಯುತ್ತ ಬಂತು. ಚಹಾ ಎರಡಕ್ಕೆ ಇಳಿದಿತ್ತು, ಫೋನು ಅಡುಗೆಮನೆಯ ಡಬ್ಬಿಯಲ್ಲಿ ಮಲಗುತ್ತಿತ್ತು, ನಾನು ಮಾತ್ರ ಮಲಗುತ್ತಿರಲಿಲ್ಲ. ಡಾಕ್ಟರ್ ಹತ್ತಿರ ಹೋಗಲು ಐದು ದಿನವಿತ್ತು. ಫೈಲುಗಳ ವಿಭಾಗದ ಕುರ್ಚಿ ಕಣ್ಣ ಮುಂದೆ ಬರುತ್ತಿತ್ತು.

ಆ ಹೊತ್ತಿಗೇ ನಾಗಪುರದಲ್ಲಿ ಬಿಸಿಲು ಏರಿ, ಫ್ಯಾನುಗಳು ತಿರುಗತೊಡಗಿದ್ದವು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ಕನೇ ಕೋಣೆಯ ಫ್ಯಾನು ಯಾಕೋ ಅಲ್ಲಾಡುತ್ತಿದೆ ಎಂದು ನೋಡಲು ಹೋದೆ. ಮೂರು ಹಾಸಿಗೆಗಳಲ್ಲಿ ಡ್ರೈವರುಗಳು ಗಾಢ ನಿದ್ದೆಯಲ್ಲಿದ್ದರು. ಎರಡನೇ ನಂಬರಿನ ಹಾಸಿಗೆ ಬಿಳಿ ಮೀಸೆಯವರದು, ಅವರು ನಿದ್ದೆ ಮುಗಿಸಿ ಸ್ನಾನಕ್ಕೆ ಹೋಗಿದ್ದರು. ನಿಂತು ನೋಡಿದರೆ ಕತ್ತು ನೋಯುತ್ತಿತ್ತು. ಅಲ್ಲೇ ಕೂತು ನೋಡಿದೆ. ಆಮೇಲೆ ಮಲಗಿ ನೋಡಿದೆ. ಕಿಟ್ಟರ್ರ್... ಟಕ್. ಕಿಟ್ಟರ್ರ್... ಟಕ್. ಹುಬ್ಬಳ್ಳಿಯ ಕ್ವಾರ್ಟರ್ಸಿನ ಹಿಂದೆ ವ್ಯಾಗನ್ನುಗಳು ಹಳಿಯ ಜಾಯಿಂಟು ದಾಟುವಾಗ ಹೀಗೇ ಕೇಳುತ್ತಿತ್ತಲ್ಲ ಎಂದು ಅನ್ನಿಸಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

"ಸಾಹೇಬ್, ಕಾಲ್ ಆಯಾ."

ಡ್ರೈವರುಗಳನ್ನು ಎಬ್ಬಿಸುವ ಕೆಲಸದ ಕಾಕಾ ರಿಜಿಸ್ಟರ್ ಹಿಡಿದು ನಿಂತಿದ್ದ. ಅವನ ಚೀಟಿಯಲ್ಲಿ ನಾಲ್ಕನೇ ಕೋಣೆ, ಎರಡನೇ ಹಾಸಿಗೆ, ನಾಲ್ಕು ಗಂಟೆ ಎಂದಿತ್ತು. ಎರಡನೇ ಹಾಸಿಗೆಯಲ್ಲಿ ತಲೆತುಂಬ ಚಾದರ ಹೊದ್ದ ಒಬ್ಬ ಮನುಷ್ಯನಿದ್ದ. ಕಾಕಾ ತನ್ನ ಕರ್ತವ್ಯ ಮಾಡಿದ. ನಾನೂ ನನ್ನ ಕರ್ತವ್ಯ ಮಾಡಿದೆ. ಅರ್ಧ ಕಣ್ಣಲ್ಲಿ ಸಹಿ ಹಾಕಿದೆ, ಮುಖ ತೊಳೆದೆ, ಅಡುಗೆಯವನು ಕೊಟ್ಟ ಚಪಾತಿ ತಿಂದೆ, ಡ್ರೈವರುಗಳು ಡ್ಯೂಟಿಗೆ ಹಾಜರಾಗುವ ಲಾಬಿಗೆ ನಡೆದುಹೋದೆ. ಮೈಯಲ್ಲಿ ಎಂಥ ಹಗುರ. ಲೋಕವೆಲ್ಲ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಅಲ್ಲಿನ ಕ್ಲಾರ್ಕು ಕುಡಿದಿದ್ದಾರೋ ಎಂದು ಪರೀಕ್ಷಿಸುವ ನಳಿಕೆ ಮುಂದೆ ಹಿಡಿದ. ಊದಿದೆ. "ನಾಮ್?" ಎಂದ. ನನ್ನ ಹೆಸರು ಹೇಳಿದೆ.

ಅವನು ಪಟ್ಟಿಯಲ್ಲಿ ಹುಡುಕಿ, ಸಿಗದೆ, ತಲೆ ಎತ್ತಿ ನನ್ನ ಮುಖ ನೋಡಿದ. ನಂತರ ಬಹಳ ವಿನಯದಿಂದ ಕೇಳಿದ: "ಸಾಹೇಬ್, ಉಮರೇಡ್‌ನ ಕಲ್ಲಿದ್ದಲು ಗಾಡಿ ಇವತ್ತು ನೀವೇ ಓಡಿಸ್ತೀರಾ?"

ಹಿಂದೆ ಯಾರೋ ಕೆಮ್ಮಿದರು. ಬಿಳಿ ಮೀಸೆಯವರು ಯೂನಿಫಾರ್ಮಿನಲ್ಲಿ, ಚೀಲ ಹಿಡಿದು, ಹೊತ್ತಿಗೆ ಸರಿಯಾಗಿ ಹಾಜರಿದ್ದರು. ಎಂದಿನಂತೆ ಅವರಿಗೆ ಕಾಲ್ ಬೇಕಾಗಿರಲಿಲ್ಲ. ರಿಜಿಸ್ಟರಿನಲ್ಲಿ ನನ್ನ ಸಹಿಯ ಕೆಳಗೆ ತಮ್ಮ ಸಹಿಯನ್ನೂ ಹಾಕಿ ಬಂದಿದ್ದರು. ಸ್ನಾನ ಮುಗಿಸಿ ಬಂದಾಗ ನಾನು ಮಲಗಿದ್ದನ್ನು ಕಂಡು ತಮ್ಮ ಚಾದರವನ್ನೇ ಹೊದಿಸಿ, ಮೂರು ತಾಸು ಹೊರಗಿನ ಬೆಂಚಿನ ಮೇಲೆ ಕೂತಿದ್ದರಂತೆ. "ನೀವು ಮಲಗೋದಿಲ್ಲ ಅಂತ ಇಟಾರಸಿವರೆಗೂ ಎಲ್ಲರಿಗೂ ಗೊತ್ತಿದೆ ಸಾಹೇಬ್. ಎಬ್ಬಿಸೋಕೆ ಮನಸ್ಸು ಬರಲಿಲ್ಲ" ಎಂದರು. ಇವರ ನಿದ್ದೆ ನಾನು ಕಾಯುತ್ತೇನೆ ಎಂದುಕೊಂಡಿದ್ದೆನಲ್ಲ.

ಸಂಜೆ ಮನೆಗೆ ಹೋಗಿ ಎಲ್ಲ ಹೇಳಿದೆ. ಹೆಂಡತಿ "ನಾ ಹೇಳಿದ್ನಿಲ್ಲೋ?" ಎಂದು ಕೂಡ ಅನ್ನಲಿಲ್ಲ. ಮರುದಿನ ಹಳೆಯ ಸಾಮಾನಿನ ಅಂಗಡಿಗೆ ಹೋಗಿ, ಹತ್ತಾರು ಟೇಬಲ್ ಫ್ಯಾನುಗಳನ್ನು ಹಚ್ಚಿಸಿ ಕೇಳಿ, ಎಲ್ಲಕ್ಕಿಂತ ಕೆಟ್ಟದ್ದನ್ನು ಆರಿಸಿ ತಂದಳು. ಅಂಗಡಿಯವನು ಅವಳನ್ನೇ ನೋಡುತ್ತಿದ್ದನಂತೆ. ಐದನೇ ದಿನ ಡಾಕ್ಟರು ಬಿ.ಪಿ. ನೋಡಿ, ಮತ್ತೊಮ್ಮೆ ನೋಡಿ, ಹೀಗೇ ಇಳಿಯುತ್ತ ಹೋದರೆ ಫೈಲುಗಳ ಮಾತು ಬೇಡ ಎಂದರು, ಯಾವ ಮಾತ್ರೆ ತಗೊಂಡಿರಿ ಎಂದು ಕೇಳಿದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಛಾವಣಿ ನೋಡಿದಳು.

ದೂರು ಪುಸ್ತಕದ ಮಾತು ಹೇಳುವುದೇ ಉಳಿಯಿತು. ಲಾಬಿಯಿಂದ ಅವಮಾನ ನುಂಗಿಕೊಂಡು ವಾಪಸ್ ಬಂದು, ಫ್ಯಾನು ಅಲ್ಲಾಡುವುದನ್ನು ಬರೆದಿಡೋಣ ಎಂದು ಪುಸ್ತಕ ತೆರೆದೆ. ಅಷ್ಟರಲ್ಲೇ ನಾಲ್ಕನೇ ಕೋಣೆಯವರು ಒಂದು ಪುಟ ಬರೆದು, ಮೂವರೂ ಸಹಿ ಮಾಡಿ ಇಟ್ಟಿದ್ದರು:

"ಇಂದು ಮಧ್ಯಾಹ್ನ ಎರಡನೇ ಹಾಸಿಗೆಯಿಂದ ಉಸ್ತುವಾರಿ ಸಾಹೇಬರ ಗೊರಕೆ ಕೇಳಿಬಂತು. ಫ್ಯಾನಿಗಿಂತ ಬಹಳ ಉತ್ತಮವಾಗಿದೆ. ನಮಗೆಲ್ಲ ಚೆನ್ನಾಗಿ ನಿದ್ದೆ ಬಂತು. ದಯವಿಟ್ಟು ಎಣ್ಣೆ ಹಾಕಿಸಬಾರದು."