ಹತ್ತನೇ ಕಾಯಿಲ್‌ನ ಮಹಿಮೆ

ಲೆಕ್ಕಪತ್ರದ ವಿಷಯದಲ್ಲಿ ನನ್ನನ್ನು ಹೆದರಿಸುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ನಾನು ಡೊಂಬಿವ್ಲಿಯ ನಮ್ಮ ಸೊಸೈಟಿಯಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದೆ. ಮಾತು ಸುಳ್ಳಾಗಲಿಲ್ಲ. ಹೆದರಿಸಿದ್ದು ಹೆಂಗಸು! ಧಾರವಾಡ ಕಡೆಯ ಕುಲಕರ್ಣಿ ಮೇಡಂ, ನಮ್ಮ ಕಂಪನಿಗೆ ಹೊಸದಾಗಿ ಬಂದ ಆಡಿಟರು.

ನಮ್ಮದು ಉಕ್ಕು ಮಾರುವ ಕಂಪನಿ. ಶೇರುಪೇಟೆಯಲ್ಲಿ ಹೆಸರಿರುವುದರಿಂದ ಮೂರು ತಿಂಗಳಿಗೊಮ್ಮೆ ನಮ್ಮ ಲಾಭನಷ್ಟವನ್ನು ಲೋಕಕ್ಕೆಲ್ಲ ಸಾರಬೇಕು. ಥಾಣೆಯ ಆಫೀಸಿನಲ್ಲಿ ಕೂತು ಆ ತ್ರೈಮಾಸಿಕ ವರದಿ ತಯಾರಿಸುವ ಸಾಲಿಯಾನ್ ಎಂಬ ಮಹಾಶಯ ನಾನೇ. ಇದರಲ್ಲಿ ನನ್ನದೊಂದು ಪದ್ಧತಿಯಿತ್ತು. ಕಳೆದ ಸಲದ ಫೈಲು ತೆಗೆದು ಅಂಕಿ ಬದಲಿಸುವುದು, ಮಾತು ಮಾತ್ರ ಹಾಗೇ ಬಿಡುವುದು. 'ಲೆಕ್ಕಪತ್ರ ನೀತಿಗಳಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ' ಎಂದು ಒಂದು ಸಾಲು. ಜೊತೆಗೆ, 'ಕಳಂಬೋಲಿ ಗೋದಾಮಿನ ಸರಕನ್ನು ಖುದ್ದಾಗಿ ಎಣಿಸಲಾಗಿದೆ' ಎಂಬ ಪ್ರಮಾಣಪತ್ರ, ಅದರಡಿ ನನ್ನ ಸುಂದರವಾದ ಸಹಿ. ಕಳಂಬೋಲಿಗೆ ನಾನು ಹೋದದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದೇ ಒಂದು ಸಲ. ಆಮೇಲೆ ಒಂಬತ್ತು ವರ್ಷ ಥಾಣೆಯಿಂದಲೇ ಖುದ್ದಾಗಿ ಎಣಿಸಿದ್ದೆ!

ಕುಲಕರ್ಣಿ ಮೇಡಂ ಸರಕಿನ ಪಟ್ಟಿಯ ಮೇಲೆ ಪೆನ್ನು ಊರಿದರು. "ಸಾಲಿಯಾನ್ ಅವರ, ಈ ಹತ್ತನೇ ನಂಬರಿನ ಕಾಯಿಲ್ ಒಂಬತ್ತು ವರ್ಷದಿಂದ ಪಟ್ಟಿಯೊಳಗ ಕೂತದಲ್ರೀ. ಯಾಕ ಮಾರಿಲ್ಲ?"

ಕಾಯಿಲ್ ಎಂದರೆ ಚಾಪೆ ಸುತ್ತಿದ ಹಾಗೆ ಸುತ್ತಿಟ್ಟ ಉಕ್ಕಿನ ತಗಡು. ಆಳೆತ್ತರ ಇರುತ್ತದೆ, ನಡುವೆ ದೊಡ್ಡ ತೂತು.

"ಗಿರಾಕಿ ಸಿಕ್ಕಿಲ್ಲ ಮೇಡಂ."

"ಕೊಂಡ ಬೆಲೆ, ಮಾರಿದ್ರ ಬರೋ ಬೆಲೆ, ಎರಡರಾಗ ಯಾವುದು ಕಡಿಮಿ ಅದನ್ನ ಹಿಡೀಬೇಕು ಅಂತ ನಿಮ್ಮ ನೀತಿಯೊಳಗ ನೀವೇ ಬರದೀರಿ. ಆದ್ರ ಲೆಕ್ಕದಾಗ ಕೊಂಡ ಬೆಲೆನೇ ಹಿಡದೀರಿ. ಮೊದಲ ಅದು ಅದನೋ ಇಲ್ಲೋ? ನಾಳೆ ಮಧ್ಯಾಹ್ನ ನಾ ಕಳಂಬೋಲಿಗೆ ಬರ್ತೀನಿ. ತೋರಸ್ರಿ."

"ಧಾರಾಳವಾಗಿ!" ಎಂದೆ. ಆ ತಿಂಗಳು ನನಗೆ ಮ್ಯಾನೇಜರ್ ಪದವಿ ಸಿಗುವುದಿತ್ತು. ಕಾಯಿಲ್ ಇಲ್ಲದಿದ್ದರೆ ಪದವಿಯ ಮಾತು ಹಾಗಿರಲಿ, ಇರುವ ಕೆಲಸವೇ ಹೋಗುತ್ತದೆ. ಇದೆ ಎಂದು ಒಂಬತ್ತು ವರ್ಷ ಸಹಿ ಹಾಕಿದವನು ನಾನೇ ಅಲ್ಲವೇ?

ಮನೆಯಲ್ಲಿ ಹೆಂಡತಿ ಶಶಿಗೆ ಹೇಳಿದರೆ ಅವಳ ಚಿಂತೆಯೇ ಬೇರೆ. "ನಡು ಮಧ್ಯಾಹ್ನ ಅಂಥ ಜಾಗಕ್ಕೆ ಹೋಗುದಾ ಮಾರಾಯ್ರೆ? ಕೆಲಸ ಸಿಕ್ಕಿದ್ರೆ ಊರಿನ ದೈವಕ್ಕೆ ತಂಬಿಲದ ಪೂಜೆ ಕೊಡ್ತೇನೆ ಅಂತ ಹರಕೆ ಹೇಳಿದ್ರಲ್ಲ. ಇನ್ನೂ ಕೊಡ್ಲಿಲ್ಲ. ನೆನಪುಂಟಾ?"

"ಊರಿನ ದೈವಕ್ಕೆ ಕಳಂಬೋಲಿಯಲ್ಲಿ ಎಂತ ಕೆಲಸ ಮಾರಾಯ್ತಿ? ಅದೇನು ಪನ್ವೇಲ್ ಬಸ್ಸು ಹತ್ತಿ ಬರ್ತದಾ?" ಎಂದು ನಕ್ಕೆ.

ಮರುದಿನ ಶೀಳ್ ಫಾಟಾ, ತಳೋಜ ದಾಟಿ ಕಳಂಬೋಲಿಯ ಉಕ್ಕಿನ ಮಾರ್ಕೆಟ್ಟಿನಲ್ಲಿ ಇಳಿದಾಗ ಹನ್ನೆರಡು ಗಂಟೆ. ಊಟದ ಹೊತ್ತು, ಒಂದು ನರಪಿಳ್ಳೆಯಿಲ್ಲ. ಸಾಲು ಸಾಲು ಗೋದಾಮು, ಬಾಗಿಲೆಲ್ಲ ತೆರೆದೇ ಇವೆ, ಒಳಗೆಲ್ಲ ಕತ್ತಲು. ನಮ್ಮ ಗೋದಾಮಿನ ಗೇಟಿನಲ್ಲಿದ್ದ ಮುದುಕ ವಾಚ್‌ಮನ್ ತಿವಾರಿಗೆ ಹತ್ತನೇ ಕಾಯಿಲ್ ಎಲ್ಲಿ ಎಂದು ಕೇಳಿದೆ. ಅವನ ಮುಖ ಬಿಳಿಚಿತು.

"ದಸ್ ನಂಬರ್?" ಎರಡೂ ಕಿವಿ ಹಿಡಿದುಕೊಂಡ. "ಐಸೆ ನಾಮ್ ಮತ್ ಲೀಜಿಯೇ ಸಾಬ್."

ಹೆಸರೂ ಎತ್ತಬಾರದಂತೆ! ಯಾಕೆ ಎಂದು ಕೇಳುವಷ್ಟರಲ್ಲಿ ಚಪ್ಪಲಿ ಕಳಚಿಟ್ಟು ಗೋದಾಮುಗಳ ನಡುವೆ ಎಲ್ಲೋ ಮರೆಯಾದ. ನಾನೊಬ್ಬನೇ ಒಳಹೊಕ್ಕೆ. ಮೊದಲು ಕಂಡದ್ದು ತುಕ್ಕು ಹಿಡಿದ ಕ್ರೇನು. ಅದರ ಕೊಂಡಿ ಗಾಳಿಯಿಲ್ಲದೆಯೂ ಮೆಲ್ಲಗೆ ತೂಗುತ್ತಿತ್ತು. ಇನ್ನೆರಡು ಹೆಜ್ಜೆಗೆ ಒಡೆದ ತೆಂಗಿನಕಾಯಿಯ ಚೂರು ಕಾಲಿಗೆ ಸಿಕ್ಕಿತು. ಆಮೇಲೆ ಊದುಬತ್ತಿಯ ವಾಸನೆ. ಕಬ್ಬಿಣದ ಗೋದಾಮಿನಲ್ಲಿ ಊದುಬತ್ತಿ!

ಆಗ ಕತ್ತಲೆಯೊಳಗಿಂದ ಒಂದು ದನಿ ಬಂತು. ಗೊಗ್ಗರು ದನಿ, ರಾಗವಾಗಿ, ನಿಧಾನಕ್ಕೆ.

"ಒಂಜೀ... ರಡ್ಡ್... ಮೂಜೀ..."

ತುಳು, ನಮ್ಮೂರ ಮಾತು! ಒಂದು, ಎರಡು, ಮೂರು ಎಂದು ಯಾರೋ ಅಚ್ಚ ತುಳುವಿನಲ್ಲಿ ಎಣಿಸುತ್ತಿದ್ದಾರೆ. ಕಳಂಬೋಲಿಯಲ್ಲಿ! ಇನ್ಯಾರಪ್ಪ? ಊರಿನ ದೈವವೇ ಪನ್ವೇಲ್ ಬಸ್ಸು ಹತ್ತಿ ಬಂದಿದೆ. ಹರಕೆ ಬಾಕಿಯಿರುವ ವರ್ಷಗಳನ್ನು ಎಣಿಸುತ್ತಿದೆ. ಇದ್ದಲ್ಲೇ ಉದ್ದಕ್ಕೆ ಅಡ್ಡಬಿದ್ದೆ.

"ತಪ್ಪಾಂಡ್ ಸ್ವಾಮೀ!" ಎಂದು ತುಳುವಿನಲ್ಲೇ ಕೂಗಿದೆ. "ಈ ಸಲ ಊರಿಗೆ ಹೋದಾಗ ಖಂಡಿತ ತಂಬಿಲ ಕೊಡ್ತೇನೆ!"

ದನಿ ಒಂದು ಕ್ಷಣ ನಿಂತಿತು. ಮತ್ತೆ ಬಂತು.

"ನಾಲ್..."

ನಾಲ್ಕು ಎಂದರೇನು? ನಾಲ್ಕು ತಂಬಿಲವೇ? "ಆಯಿತು, ನಾಲ್ಕೇ ಕೊಡ್ತೇನೆ!" ಎಂದೆ.

"ಐನ್..."

ನಾನು ಒಪ್ಪಿದಷ್ಟೂ ದೈವ ಏರಿಸುತ್ತಾ ಹೋಯಿತು! ಅಷ್ಟರಲ್ಲಿ ಕತ್ತಲೆಯಿಂದ ಬಂದು ನನ್ನನ್ನು ಎಬ್ಬಿಸಿದ್ದು ದೈವವಲ್ಲ, ತಿವಾರಿ. ಕೈಯಲ್ಲಿ ಆರತಿ ತಟ್ಟೆ, ಬಾಯಲ್ಲಿ ಅದೇ ಎಣಿಕೆ.

ಅವನ ಹಿಂದೆ ಕಂಡಿತು, ಹತ್ತನೇ ಕಾಯಿಲ್. ಒಂದು ಬೆರಳು ದಪ್ಪ ಸಿಂಧೂರ ಬಳಿದುಕೊಂಡು, ನಡುವಿನ ತೂತನ್ನು ಬಾಯಿಯಂತೆ ತೆರೆದುಕೊಂಡು ಕೂತಿತ್ತು. ತೂತಿನೊಳಗೆ ದೀಪ. ಅದು ನನ್ನನ್ನೇ ನೋಡುತ್ತಿದೆ ಎನಿಸಿತು.

"ಏನ್ರೀ ಇದು?" ಬಾಗಿಲಲ್ಲಿ ಕುಲಕರ್ಣಿ ಮೇಡಂ! ಶೂ ಕಳಚಿ ಕೈಮುಗಿದರು. ಬಗಲಿನ ಫೈಲು ಮಾತ್ರ ಬಿಡಲಿಲ್ಲ.

ತಿವಾರಿ ಭಕ್ತಿಯಿಂದ ಕಥೆ ಹೇಳಿದ. ಒಂಬತ್ತು ವರ್ಷದ ಹಿಂದೆ ದಕ್ಷಿಣದ ಕಡೆಯಿಂದ ಒಬ್ಬ ಬಾಬಾ ಬಂದರಂತೆ. ಸಣಕಲು ಆಳು, ಕನ್ನಡಕ, ಹೆಗಲಿಗೆ ಚೀಲ. ಯಾರ ಹತ್ತಿರವೂ ಮಾತಿಲ್ಲ. ಒಂದೊಂದೇ ಕಾಯಿಲನ್ನು ಕೈಯಿಂದ ಮುಟ್ಟಿ ಈ ಮಂತ್ರ ಹೇಳುತ್ತಾ ನಡೆದರಂತೆ. ಒಂಬತ್ತು ಕಾಯಿಲಿಗೆ ಬಿಳಿ ಗುರುತು, ಹತ್ತನೆಯದಕ್ಕೆ ಮಾತ್ರ ಕುಂಕುಮ! ಅದನ್ನು ಎತ್ತಲು ಹೋದ ಕ್ರೇನು ಅಲ್ಲೇ ಕೆಟ್ಟಿತಂತೆ. ಅಂದಿನಿಂದ ಯಾರೂ ಮುಟ್ಟಿಲ್ಲ.

"ಆ ಬಾಬಾ ಮತ್ತ ಬಂದ್ರೇನು?" ಎಂದು ಮೇಡಂ ಹಿಂದಿಯಲ್ಲಿ ಕೇಳಿದರು.

"ಫಿರ್ ಕಭೀ ನಹೀಂ ಆಯೇ. ನೌ ಸಾಲ್ ಹೋ ಗಯೇ."

ನಾನು ಕನ್ನಡಕವನ್ನು ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಂಡೆ. ನಾನು ಎಣಿಸಲು ಬಂದಿದ್ದ ಆ ದಿನ ಹತ್ತನೇ ಕಾಯಿಲಿಗೆ ಬರುವಾಗ ನನ್ನ ಸೀಮೆಸುಣ್ಣ ಮುಗಿದಿತ್ತು. ಶಶಿ ಅಂಗಿಯ ಜೇಬಿಗೆ ಹಾಕಿದ್ದ ಊರಿನ ದೇವಿಯ ಕುಂಕುಮವನ್ನು ಅಲ್ಲೇ ಇದ್ದ ಗ್ರೀಸಿನಲ್ಲಿ ಕಲಸಿ ಗುರುತು ಹಾಕಿದ್ದೆ. ನಂಬರು ಬರೆದಿದ್ದೆ. ಜೊತೆಗೆ, ಅಯ್ಯೋ ದೇವರೇ, ಸಹಿಯನ್ನೂ ಹಾಕಿದ್ದೆ! ಎಣಿಸುವಾಗ ನನಗೆ ಇವತ್ತಿಗೂ ತುಳುವೇ ಬಾಯಿಗೆ ಬರುವುದು.

"ದೇವರಿಗೆ ನಮಸ್ಕಾರ ಆತು," ಎಂದರು ಮೇಡಂ. "ಈಗ ಸಿಂಧೂರ ಸ್ವಲ್ಪ ಸರಿಸಿ ನಂಬರ್ ತೋರಸ್ರಿ."

ತೋರಿಸದಿದ್ದರೆ ಕಾಯಿಲ್ ಇಲ್ಲವೆಂದು ಕೆಲಸ ಹೋಗುತ್ತದೆ. ತೋರಿಸಿದರೆ ಒಂಬತ್ತು ವರ್ಷ ಮರಳಿ ಬಾರದ ಬಾಬಾ ಯಾರೆಂದು ತಿಳಿಯುತ್ತದೆ. "ದೇವರನ್ನು ಕೆರೆಯಬಾರದು ಮೇಡಂ, ಮಹಾಪಾಪ!" ಎಂದು ಎರಡೂ ಕೈ ಚಾಚಿ ಕಾಯಿಲಿಗೆ ಬೆನ್ನೊತ್ತಿ ನಿಂತೆ.

ಬೆನ್ನೊತ್ತಿದ್ದೇ ತಪ್ಪಾಯಿತು. ಒಂಬತ್ತು ವರ್ಷದ ಸಿಂಧೂರ ಚಕ್ಕೆಯೆದ್ದು ದಡಾರನೆ ನನ್ನ ಕಾಲ ಮೇಲೆ ಬಿತ್ತು! ಕೆಳಗೆ, ನಿನ್ನೆ ಬರೆದಷ್ಟು ಸ್ಪಷ್ಟವಾಗಿ, ನಂಬರು ಹತ್ತು. ಅದರಡಿ ನನ್ನ ಸುಂದರವಾದ ಸಹಿ.

ಮೇಡಂ ಫೈಲು ಬಿಡಿಸಿ ಪ್ರಮಾಣಪತ್ರವನ್ನು ಕಾಯಿಲಿನ ಪಕ್ಕಕ್ಕೆ ಹಿಡಿದರು. ಎರಡನ್ನೂ ನೋಡಿದರು. ನನ್ನನ್ನು ನೋಡಿದರು.

"ಸಹಿಯೊಳಗೂ ಯಾವುದೇ ಬದಲಾವಣಿ ಇಲ್ಲ ನೋಡ್ರಿ," ಎಂದರು.

ಕಾಯಿಲ್ ಇದ್ದದ್ದರಿಂದ ಕೆಲಸ ಉಳಿಯಿತು. ಸುಳ್ಳು ಪ್ರಮಾಣಪತ್ರದಿಂದ ಪದವಿ ಹೋಯಿತು. ದೇವರನ್ನು ಮಾರಲಾಗದು, ಆದ್ದರಿಂದ ಆ ತ್ರೈಮಾಸಿಕದಲ್ಲಿ ಹತ್ತನೇ ಕಾಯಿಲಿನ ಬೆಲೆಯನ್ನು ಸೊನ್ನೆಗಿಳಿಸಿದೆವು. ನನ್ನ ಬೆಲೆಯೂ ಸುಮಾರು ಅಲ್ಲಿಗೇ ಬಂದಿತ್ತು. ಮೂರು ತಿಂಗಳಿಗೊಮ್ಮೆ ಕಳಂಬೋಲಿಗೆ ಹೋಗಿ ಒಂದೊಂದನ್ನೂ ಮುಟ್ಟಿ ಎಣಿಸಬೇಕೆಂದು ಮೇಲಿನವರ ಹುಕುಂ ಆಯಿತು. ಊರಿಗೆ ಹೋಗಿ ತಂಬಿಲವನ್ನೂ ಕೊಟ್ಟೆ. ಒಂದೇ! ನಾಲ್ಕಕ್ಕೆ ಒಪ್ಪಿದ್ದು ತಿವಾರಿಗೆ, ದೈವಕ್ಕಲ್ಲ.

ಮೊನ್ನೆ ತಡೆಯಲಾರದೆ ತಿವಾರಿಗೆ ಹೇಳಿಯೇಬಿಟ್ಟೆ, ಆ ಬಾಬಾ ನಾನೇ ಎಂದು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೊಟ್ಟೆ ಹಿಡಿದು ನಕ್ಕ. "ಅರೇ ಸಾಬ್! ವೋ ತೋ ಏಕ್ ಏಕ್ ಕೋ ಹಾಥ್ ಲಗಾಕೇ ಗಿನ್ತೇ ಥೇ. ಆಪ್?"

ಬಾಬಾ ಒಂದೊಂದನ್ನೂ ಮುಟ್ಟಿ ಎಣಿಸುತ್ತಿದ್ದರಂತೆ, ನಾನೆಲ್ಲಿ! ಅವಮಾನವಾಯಿತು. ನನ್ನ ಎಣಿಕೆ ಎಂಥದೆಂದು ತೋರಿಸಿಯೇ ಬಿಡುತ್ತೇನೆಂದು ಬಿರಬಿರನೆ ಎಣಿಸುತ್ತಾ ನಡೆದೆ. ಒಂಜಿ, ರಡ್ಡ್, ಮೂಜಿ, ನಾಲ್, ಐನ್, ಏಳ್...

"ಆಜಿ, ಸಾಬ್, ಆಜಿ!" ಎಂದು ಹಿಂದಿನಿಂದ ತಿವಾರಿ ಗದರಿದ. "ಛೇ ನಂಬರ್ ಛೋಡ್ ದಿಯಾ!"

ಹಿಂತಿರುಗಿ ಹೋಗಿ ಆರನೆಯದನ್ನು ಮುಟ್ಟಿ ಬಂದೆ.