ನೆಲನೆಲ್ಲಿಗೊಂದು ಬಾಗಿಲು, ಹೊಂಗೆಗೊಂದು ಬಾಗಿಲು

ನಮ್ಮ ಸೋದರತ್ತೆಯಂಥ ಪಕ್ಷಪಾತಿಯನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ! ಮಕ್ಕಳಲ್ಲಿ ಭೇದ ಮಾಡುವ ತಾಯಂದಿರಿದ್ದಾರೆ. ಸೊಸೆಯರಲ್ಲಿ ಭೇದ ಮಾಡುವ ಅತ್ತೆಯರಂತೂ ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಆದರೆ ಒಂದು ಮರಕ್ಕೂ ಒಂದು ಗಿಡಕ್ಕೂ ಭೇದ ಮಾಡಿ, ಅದನ್ನು ಊರಿಗೆಲ್ಲ ಸಾರಿಕೊಂಡು ತಿರುಗಿದವಳು ಇವಳೊಬ್ಬಳೇ.

ಅತ್ತೆ ನಮ್ಮಪ್ಪನ ಅಕ್ಕ. ಹಿಂದೂಪುರದ ಕನ್ನಡದ ಮನೆಯಲ್ಲಿ ಹುಟ್ಟಿ ಕಲ್ಯಾಣದುರ್ಗದ ನೇಕಾರರ ಮನೆಗೆ ಸೊಸೆಯಾಗಿ ಹೋದವಳು. ಮನೆ ಮುಂದೆ ಮಾವ, ಅಂದರೆ ಅತ್ತೆಯ ಗಂಡ, ನೆಟ್ಟ ಹೊಂಗೆ ಮರ. ಹಿತ್ತಲಲ್ಲಿ, ಬಾವಿಯ ಪಕ್ಕ, ಅತ್ತೆ ಮಾಡಿಕೊಂಡ ನಾಲ್ಕು ಮೊಳದ ಮಡಿ. ಅದರ ತುಂಬ ನೆಲನೆಲ್ಲಿ, ಕಾಮಾಲೆಗೆ ಕೊಡುವ ಗಿಡ. ಗೇಣುದ್ದ ಇರುತ್ತದೆ, ಅಷ್ಟೆ. ಮಳೆ ಬಿದ್ದರೆ ಯಾರ ಹೊಲದಲ್ಲಾದರೂ ತಾನಾಗಿ ಹುಟ್ಟುವ ಕಳೆ ಅದು! ಆದರೆ ಕಲ್ಯಾಣದುರ್ಗದಲ್ಲಿ ಮಳೆ ಬೀಳಬೇಕಲ್ಲ? ಕಾಮಾಲೆಯೇನು ಮಳೆ ನೋಡಿಕೊಂಡು ಬರುತ್ತದೆಯೆ? ಹಾಗಾಗಿ ಅತ್ತೆ ವರ್ಷಪೂರ್ತಿ ಅದನ್ನು ಸಾಕುತ್ತಿದ್ದಳು.

ಬೇರೆಯವರ ಮನೆಯಲ್ಲಿ ಬಾವಿಯ ಮೊದಲ ಕೊಡ ದೇವರಿಗೆ. ಅತ್ತೆಯ ಮನೆಯಲ್ಲಿ ಮೊದಲ ಕೊಡ ನೆಲನೆಲ್ಲಿಗೆ, ಎರಡನೆಯದು ದೇವರಿಗೆ. ಹೊಂಗೆಗೆ? ಪಾತ್ರೆ ತೊಳೆದ ಮುಸುರೆ ನೀರು, ಅದೂ ನೆನಪಾದರೆ! ಭಾಷೆಯಲ್ಲೂ ಭೇದವೇ. ಬೆಳಿಗ್ಗೆ ಪೊರಕೆ ಹಿಡಿದು ಮರದ ಬುಡಕ್ಕೆ ಬಂದರೆ ತೆಲುಗು ಶುರು: "ಏಮೇ, ಮಳ್ಳೀ ಆಕುಲು ರಾಲ್ಚಿನಾವಾ? ನೀಕೇಂ ಪನಿ ಲೇದಾ?" ಎಲೆ ಉದುರಿಸುವುದು ಬಿಟ್ಟು ಮರಕ್ಕೆ ಬೇರೆ ಕೆಲಸ ಏನಿರಬೇಕಿತ್ತೋ! ಹಿತ್ತಲಿಗೆ ಹೋದರೆ ಮಾತು ಕನ್ನಡಕ್ಕೆ ತಿರುಗುತ್ತಿತ್ತು, ದನಿಯೂ ಇಳಿಯುತ್ತಿತ್ತು: "ಬಿಸಿಲು ಜಾಸ್ತಿ ಆಯ್ತೇನವ್ವಾ? ಇರು ನನ್ನವ್ವ, ಬಂದೆ." ಮನೆಯಲ್ಲಿ ಎಲ್ಲರೊಂದಿಗೂ ತೆಲುಗಿನಲ್ಲೇ ಏಗಬೇಕಾಗಿದ್ದ ಅತ್ತೆ ತವರಿನ ಮಾತನ್ನು ಆ ಗಿಡಕ್ಕೆಂದೇ ಎತ್ತಿಟ್ಟಿದ್ದಳು. ಕನ್ನಡ ಚೆನ್ನಾಗಿ ಬರುತ್ತಿದ್ದ ಮಾವನೊಂದಿಗೆ ಜಗಳಕ್ಕೆ ಮಾತ್ರ ಅದು ಹೊರಗೆ ಬರುತ್ತಿತ್ತು.

ಒಂದು ಬೇಸಿಗೆಯಲ್ಲಿ ಮಗ್ಗದಿಂದ ಇಳಿದ ಜರಿ ಅಂಚಿನ ತುಂಡೊಂದನ್ನು ನಾಲ್ಕು ಕೋಲಿಗೆ ಕಟ್ಟಿ ಮಡಿಗೆ ಚಪ್ಪರ ಹಾಕಿಬಿಟ್ಟಳು. ಮಾವ ಹೌಹಾರಿದರು.

"ಅಲ್ಲ ಕಣೇ, ನಾನು ತಲೆಗೊಂದು ವಸ್ತ್ರ ಕೇಳಿದ್ರೆ ಹರಕು ಕೊಡ್ತೀಯ. ಆ ಹುಲ್ಲಿಗೆ ಜರಿ ಚಪ್ಪರವಾ?"

"ನಿಮಗೆ ಬಿಸಿಲಾದ್ರೆ ಎದ್ದು ಮರದ ಕೆಳಕ್ಕೆ ಹೋಯ್ತೀರ. ಅದು ಎಲ್ಲಿಗೆ ಹೋಯ್ತದೆ?"

ಮಾವ ಎದ್ದು ಮರದ ಕೆಳಕ್ಕೇ ಹೋದರು.

ಮಾವನೂ ಸುಮ್ಮನಿರುವ ಆಸಾಮಿ ಏನಲ್ಲ. "ಮೂರು ವರ್ಷ ಮುಳ್ಳಿನ ಬೇಲಿ ಕಟ್ಟಿ ನೀರು ಹಾಕಿದೆ. ಆಮೇಲೆ ಈ ಮರ ನನ್ನ ಏನಾದ್ರೂ ಕೇಳ್ತಾ? ನೆರಳು ಕೊಡ್ತದೆ, ದೀಪಕ್ಕೆ ಎಣ್ಣೆ ಕೊಡ್ತದೆ, ಹಲ್ಲುಜ್ಜೋಕೆ ಕಡ್ಡಿ, ಹೊಲಕ್ಕೆ ಸೊಪ್ಪು. ನಿನ್ನ ಗಿಡ ದಿನಾ ಸೇವೆ ಮಾಡಿಸ್ಕೊಂಡು, ಕಾಯಿಲೆ ಬಿದ್ದೋರಿಗೆ ಬಿಟ್ರೆ ಇನ್ಯಾರಿಗೂ ಬ್ಯಾಡ!" ಅನ್ನುತ್ತಿದ್ದರು.

"ನಿಮ್ಮ ಮರದ ಕೆಳಗೆ ಮಲಗಿದೋರು ಸೋಮಾರಿಗಳಾಗಿ ಏಳ್ತಾರೆ. ನನ್ನ ಗಿಡದ ಮದ್ದು ಕುಡಿದೋರು ಬದುಕಿ ಏಳ್ತಾರೆ!"

ಇಷ್ಟೆಲ್ಲ ಬೈದವಳು, ತಂತಿ ಎಳೆಯುವ ಕರೆಂಟಿನವರು ಬಂದು ಹೊಂಗೆಯ ಕೊಂಬೆಯೊಂದನ್ನು ಕಡಿಯಬೇಕು ಅಂದಾಗ ಏನು ಮಾಡಿದಳು ಅಂತೀರಿ? ರುಬ್ಬುತ್ತಿದ್ದ ಕೈಯಲ್ಲೇ ಎದ್ದು ಬಂದು ಬುಡಕ್ಕೆ ಒರಗಿ ಕೂತಳು. "ತಂತೀನ ಆ ಕಡೆ ತಿರುಗಿಸ್ಕೊಂಡು ಹೋಗ್ರಪ್ಪ" ಎಂದು ತೆಲುಗಿನಲ್ಲೇ ಗದರಿದಳು. ಅವರು, "ದಿನಾ ಈ ಮರಕ್ಕೆ ನೀನೇ ಬೈತೀಯಂತಲ್ಲಮ್ಮಾ" ಅಂದರು.

"ಬೈತೀನಿ. ನಾನು ಬೈದ್ರೆ ನಿಮಗೇನು? ನೀವ್ಯಾರು ಕಡಿಯೋಕೆ?"

ತಂತಿ ಇವತ್ತಿಗೂ ಆ ಬೀದಿಯಲ್ಲಿ ಸೊಟ್ಟಗೇ ಹೋಗಿದೆಯಂತೆ!

ಕಣ್ಣು ಹಳದಿಯಾದವರು ಸೆಟ್ಟೂರು, ಕಂಬದೂರಿನಿಂದೆಲ್ಲ ಗಾಡಿ ಕಟ್ಟಿಕೊಂಡು ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಮದ್ದಿನವರಿಗೆ ಆ ಬಾಗಿಲೇ, ಮುಂಬಾಗಿಲು ನೆಂಟರಿಗೆ. ಆದರೆ ಮುಂಬಾಗಿಲಿಗೆ ನೆಂಟರು ಬರಬೇಕಲ್ಲ? ಅತ್ತೆಗೆ ಮಕ್ಕಳಿಲ್ಲ. ಹಿಂದೂಪುರದಿಂದ ನಾವು ಹೋಗುತ್ತಲೇ ಇರಲಿಲ್ಲ. ಅಪ್ಪನಿಗೆ ಮಂಡಿಯ ಕೆಲಸ, ಅಮ್ಮನಿಗೆ ಎಮ್ಮೆ, ನಮಗೆ ಶಾಲೆ. ಪಾವಗಡದಲ್ಲಿ ಬಸ್ಸು ಬದಲಾಯಿಸುವುದು ನಮಗೆ ಸಮುದ್ರ ದಾಟಿದ ಹಾಗೆ! ಅವಳಿಗೆ ಇದ್ದದ್ದು ಒಂದೇ ಆಸೆ: ತವರಿನವರು ಒಂದೇ ಒಂದು ಸಲ, ಯಾವ ಕಾರಣವೂ ಇಲ್ಲದೆ, ಸುಮ್ಮನೆ ಬಂದು ನಾಲ್ಕು ದಿನ ಇರಬೇಕು. ಪ್ರತಿ ಕಾಗದದಲ್ಲೂ ಬರೆಸುತ್ತಿದ್ದಳು. ನಾವು ಪ್ರತಿ ಕಾಗದಕ್ಕೂ "ಖಂಡಿತ" ಎಂದು ಬರೆಯುತ್ತಿದ್ದೆವು.

ಕೊನೆಗೆ ಹೋದದ್ದು ಹೇಗೆ ಗೊತ್ತೆ? ನನಗೆ ಕಾಮಾಲೆ ಬಂತು! ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ ಅದು. ಹಳದಿ ಕಣ್ಣು ಬಿಟ್ಟುಕೊಂಡು ಅಪ್ಪನ ಹೆಗಲಿಗೆ ಒರಗಿ ಬಸ್ಸಿಳಿದೆ. ಅತ್ತೆ ಮುಂಬಾಗಿಲಿಗೆ ಓಡಿ ಬಂದಳು. ನನ್ನ ಕಣ್ಣು ನೋಡಿದ್ದೇ ಅವಳ ಮುಖ ಇಳಿದುಹೋಯಿತು. "ನೀವೂ ಅದಕ್ಕೇ ಬಂದ್ರಾ?" ಅಂದು, ನನ್ನ ಕೈ ಹಿಡಿದು ಮನೆಯನ್ನು ಸುತ್ತಿಸಿ ಹಿತ್ತಲ ಬಾಗಿಲಿಂದ ಒಳಗೆ ಕರೆದುಕೊಂಡಳು. ಮೂರು ಬೆಳಿಗ್ಗೆ, ಬಿಸಿಲೇರುವ ಮುಂಚೆ, ಗಿಡವನ್ನು ಬೇರುಸಮೇತ ಕಿತ್ತು ರುಬ್ಬಿ, ಮಜ್ಜಿಗೆಯಲ್ಲಿ ಕಲಸಿ ಕುಡಿಸಿದಳು. ಆ ಕಹಿಯನ್ನು ಏನಂತ ಹೇಳಲಿ! ಆಮೇಲೆ ಹನ್ನೆರಡು ದಿನ ಉಪ್ಪಿಲ್ಲದ ಗಂಜಿ. ಮಧ್ಯಾಹ್ನ ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಹಿಂದೂಪುರದ ಒಂದೊಂದು ಬೀದಿಯನ್ನೂ ಕೇಳುತ್ತಿದ್ದಳು. ಯಾರ ಮನೆ ಬಿತ್ತು, ಯಾರ ಮನೆ ಎದ್ದಿತು, ಎದುರುಮನೆ ಜಗುಲಿ ಇದೆಯಾ. ಅಷ್ಟು ಸುಖವಾದ ಕಾಯಿಲೆ ನನಗೆ ಮತ್ತೆ ಬಂದಿಲ್ಲ.

ಕಣ್ಣು ಬೆಳ್ಳಗಾಯಿತು. ಅಪ್ಪ ಕರೆದುಕೊಂಡು ಹೋಗಲು ಬಂದರು. ಮದ್ದಿನವರು ಮದ್ದಿನ ಬಾಗಿಲಿಂದಲೇ ಹೋಗಬೇಕು ಎಂದು ಹಿತ್ತಲಿಂದ ಹೊರಟೆವು. ಹೊಸಲು ದಾಟುತ್ತ ಅಪ್ಪ ಅಭ್ಯಾಸಬಲದಿಂದ, "ಬತ್ತೀವಿ ಅಕ್ಕಾ" ಅಂದುಬಿಟ್ಟರು.

ಅಯ್ಯೋ! ಅತ್ತೆ ಮೈಮೇಲೆ ಬಂದವಳ ಹಾಗೆ ಕೂಗಿದಳು: "ಏನ್ಲಾ ಅಂದೆ? ಮದ್ದು ಕೊಟ್ಟ ಮನೆಗೆ ಬತ್ತೀವಿ ಅಂತಾರೇನ್ಲಾ? ಕಾಯಿಲೇನೂ ಹಿಂದೇ ಬತ್ತದೆ ಕಣ್ಲಾ, ಬುದ್ಧಿಗೇಡಿ! ಒಳಕ್ಕೆ ಬಾ. ಕಾಲು ತೊಳ್ಕೊ. ಕೂತ್ಕೊ. ಈಗ ಏಳು. ಬಾಯಿ ಮುಚ್ಕೊಂಡು, ತಿರುಗಿ ನೋಡದೆ ಹೋಗು!"

ಮಂಡಿಯಲ್ಲಿ ಹತ್ತು ಜನರನ್ನು ನಡುಗಿಸುವ ಅಪ್ಪ ಕಾಲು ತೊಳೆದು, ಕೂತು, ಎದ್ದು, ತುಟಿ ಬಿಗಿದುಕೊಂಡು ಹೊರಟರು. ನನಗೆ ನಗು ತಡೆಯಲಾಗಲಿಲ್ಲ. ತಿರುಗಿ ನೋಡದೆ ಗೋಡೆ ಬಳಸಿಕೊಂಡು ಬೀದಿಗೆ ಬಂದೆವು.

ನೋಡಿದರೆ ಅತ್ತೆ ಹೊಂಗೆಯ ಕೆಳಗೆ ನಿಂತಿದ್ದಾಳೆ! ಮನೆಯೊಳಗಿಂದ ಓಡಿ ಬಂದು ಏದುಸಿರು ಬಿಡುತ್ತಿದ್ದಳು. ಕಣ್ಣು ತುಂಬಿತ್ತು.

"ಬಾ ಇಲ್ಲಿ. ಅಲ್ಲಿಗೆ ಮದ್ದು ಮುಗೀತು. ಈಗ ನೀನು ನಮ್ಮ ಮನೆ ನೆಂಟ್ರ ಹುಡುಗಿ. ನೆರಳಾಗೆ ಒಂದು ಗಳಿಗೆ ಕೂತ್ಕೊ" ಅಂದಳು. ಕೂತೆ. ನನ್ನ ಗಲ್ಲ ಹಿಡಿದು, "ಈ ಹಿತ್ತಲ ಬಾಗಿಲಲ್ಲಿ ಹೋದೋರು ಯಾರೂ ಇಷ್ಟು ವರ್ಷದಲ್ಲಿ ನನಗೆ ಬತ್ತೀನಿ ಅಂದಿಲ್ಲ ಕಣಮ್ಮಾ. ನಾನೇ ಅನ್ನಬಾರ್ದು ಅಂದಿದ್ದೆ. ಇಲ್ಲಿ ಅನ್ನಬಹುದು. ನೀನು ಅನ್ನು" ಅಂದಳು.

"ಬತ್ತೀನಿ ಅತ್ತೆ" ಅಂದೆ.

"ಯಾವಾಗ?"

"ಪರೀಕ್ಷೆ ಮುಗಿದ ಮೇಲೆ. ಸುಮ್ಮನೆ ಬತ್ತೀನಿ."

ಪರೀಕ್ಷೆ ಮುಗಿಯಿತು. ಮದುವೆಯಾಯಿತು, ಮಕ್ಕಳಾದರು. ಅತ್ತೆ ತೀರಿಕೊಂಡ ಕಾಗದ ಬಂದ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅಷ್ಟು ವರ್ಷ ಯಾಕೆ ಹೋಗಲಿಲ್ಲ ಎಂದು ನನ್ನನ್ನೇ ಕೇಳಿಕೊಂಡರೆ ಹೇಳಲು ಒಂದು ನೆಪವೂ ಇಲ್ಲ. ಅವಳ ಮದ್ದು ಅಷ್ಟು ಗಟ್ಟಿ. ನನಗೆ ಮತ್ತೆ ಕಾಮಾಲೆ ಬರಲೇ ಇಲ್ಲ, ಹೋಗಲು ಕಾರಣವೂ ಹುಟ್ಟಲಿಲ್ಲ.